ಬಿಡುವಿನ ವೇಳೆಯ ಕೈಗೆಲಸ: ಒಂದೇ ಕಂಬಿಯ ಉಗಿಬಂಡಿ

ಅಂಗಡಿಯಲ್ಲಿ ದೊರೆಯುವ ಆಟದ ರೈಲುಗಳು ಬಹುಮಟ್ಟಿಗೆ ಲೋಕಪ್ರಸಿದ್ಧವಾದ ಎಂಜಿನುಗಳ ಪ್ರತಿಕೃತಿಗಳು. ಅಪರೂಪವಾದುದು ಬೇಕೆಂದರೆ ತಗಡು ಕತ್ತರಿಸಿ ನಾವೇ ಮಾಡಿಕೊಳ್ಳಬೇಕು. ಕಳೆದ ಬೇಸಿಗೆಯ ರಜೆಯಲ್ಲಿ ನಾನೂ ನನ್ನ ತಂಗಿಯ ಮಗನೂ ಅಂತಹದೊಂದಕ್ಕೆ ಕೈಹಾಕಿದೆವು. ಅದರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಪಂಜಾಬಿನ ಪಟಿಯಾಲಾ ಸಂಸ್ಥಾನದಲ್ಲಿ 1907ರಿಂದ 1927ರ ವರೆಗೆ ಒಂದೇ ಕಂಬಿಯ ರೈಲು ಇದ್ದಿತು. ಈವಿಂಗ್ ಪದ್ಧತಿಯೆಂದು ಅದರ ಹೆಸರು. ರಸ್ತೆಯ ಅಂಚಿನಲ್ಲಿ ಒಂದು ಕಂಬಿ; ಗಾಡಿಯ ಭಾರದಲ್ಲಿ ನೂರಕ್ಕೆ ಸುಮಾರು 95 ಪಾಲು ಅದರ ಮೇಲೆ. ಪಕ್ಕಕ್ಕೆ ಚಾಚಿಕೊಂಡ ದೊಡ್ಡ ಗಾಲಿಯೊಂದು ರಸ್ತೆಯ ಮೇಲೆ ಉರುಳುತ್ತ ಗಾಡಿಯನ್ನು ಬೀಳದಂತೆ ಕಾಯುತ್ತಿದ್ದಿತು. ಎತ್ತುಗಳೂ ಹೇಸರಗತ್ತೆಗಳೂ ಈ ಗಾಡಿಗಳನ್ನು ಎಳೆದುದುಂಟು. ಉಗಿಯ ಎಂಜಿನುಗಳಾದರೋ ನಾಲ್ಕೇ ನಾಲ್ಕು; ಬರ್ಲಿನ್ನಿನ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಾರ್ಖಾನೆಯವು. ಅವುಗಳಲ್ಲೊಂದನ್ನು ದುರಸ್ತಿಮಾಡಿ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ನಾವು ಅಲ್ಲಿ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು, ನಿಜದ 20 ಅಂಗುಲಕ್ಕೆ ಮಾದರಿಯಲ್ಲಿ 1 ಅಂಗುಲವೆಂದು ಗೊತ್ತುಮಾಡಿದೆವು. ಮೊದಲು ರಟ್ಟಿನಲ್ಲಿ ಮಾಡಿ ನೋಡಿ, ತರುವಾಯವೇ ಹಿತ್ತಾಳೆಯ ತಗಡನ್ನು ಕತ್ತರಿಸಿದೆವು. ಬೆಸುಗೆ ಹಿಡಿಯಬೇಕಾದರೆ ತಗಡಿನ ಅಂಚನ್ನು ಉಜ್ಜುಕಾಗದದಿಂದ ಹೊಳೆಯುವವರೆಗೆ ತಿಕ್ಕಬೇಕು. ಎಂಜಿನಿನ ನಡುವೆ ಒಂದೇ ಸಾಲಿನಲ್ಲಿ ಮೂರು ಗಾಲಿಗಳು. ಕಂಬಿಯಿಂದ ಜಾರದಂತೆ ಬಾವಿಯ ರಾಟೆಯ ಹಾಗೆ ಎರಡು ಅಂಚಿನಲ್ಲಿಯೂ ಏಣುಳ್ಳವು. ಆಟದ ರೈಲುಗಳು ಸಾಮಾನ್ಯವಾಗಿ ಎರಡು ಕಂಬಿಗಳಿಂದ ವಿದ್ಯುತ್ತನ್ನು ಪಡೆಯುತ್ತವೆ. ಇಲ್ಲಿ ಇರುವುದು ಒಂದೇ ಆದುದರಿಂದ ಬ್ಯಾಟರಿಯನ್ನು ಎಂಜಿನಿನ ಹೊಟ್ಟೆಯೊಳಗೇ ಇಟ್ಟೆವು.

ಮೊದಲ ದಿನ ಎಂಜಿನು ನೆಟ್ಟಗೆ ಓಡಿತು. ಗಾಲಿಯ ಕಡೆಗೆ ತಿರುಗುವ ಬಳಸು ಬಂದೊಡನೆ ಆಚೆಯ ಮಗ್ಗುಲಿಗೆ ಉರುಳಿ ಮೇಜಿನಿಂದ ಬಿದ್ದಿತು. ಮೂರು ವಾರ ದುಡಿದು ಮಾಡಿದ ಬಾಯ್ಲರು ನುಗ್ಗಾಯಿತು. ಹುಡುಗನು ಕಣ್ಣೊರೆಸಿಕೊಂಡು, “ಮಾವ, ಆ ಕಡೆಗೂ ಒಂದು ಚಿಕ್ಕ ಗಾಲಿಯನ್ನು ಯಾರಿಗೂ ಕಾಣದಂತೆ ಅಡಗಿಸಿಬಿಡೋಣವೇ?” ಎಂದನು. ರಜೆಗೆ ನಾಲ್ಕೇ ದಿನ ಉಳಿದಿದ್ದುವು, ನನಗೂ ಆಸೆಯಾಗದಿರಲಿಲ್ಲ. ಆದರೂ, “ಪಟಿಯಾಲೆಯಲ್ಲಿ ಹಾಗೆ ಇದ್ದಿತೇನಪ್ಪ?” ಎಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಗೆಮನೆಯಿಂದ ತಕ್ಕಡಿಯನ್ನು ತಂದನು.

ಗಾಲಿಯನ್ನು ತಕ್ಕಡಿಯ ಮೇಲಿರಿಸಿ ನೋಡಲು ದೋಷವು ತಿಳಿಯಿತು. ಬ್ಯಾಟರಿಯು ಸರಿಯಾಗಿ ನಡುವೆ ಇದ್ದುದರಿಂದ ಗಾಲಿಗೆ ಭಾರವೇ ಇರಲಿಲ್ಲ. ಬಳಸಿನಲ್ಲಿ ಗಾಡಿಯು ಹೊರಕ್ಕೆ ವಾಲುವುದು ಸಹಜ. ಗಾಲಿಯು ಒಳಮಗ್ಗುಲಿಗಿದ್ದರೆ ಆಚೆ ಆಸರೆ ಯಾವುದು? ಬ್ಯಾಟರಿಯನ್ನು ಗಾಲಿಯ ಕಡೆಗೆ ಸರಿಸಿ, ಕಬ್ಬಿಣದ ಬಿಲ್ಲೆಗಳನ್ನು ಸೇರಿಸಿದೆವು. ಒಂದು ಕಿಲೋ ತೂಕದ ನಮ್ಮ ಎಂಜಿನಿಗೆ ಪಟಿಯಾಲೆಯ ಲೆಕ್ಕದಂತೆ ಗಾಲಿಯ ಮೇಲೆ 50 ಗ್ರಾಂ ಸಾಕಾಗಬೇಕು. ಅಷ್ಟಕ್ಕೂ ಅದು ತತ್ತರಿಸಿತು. ಏಕೆಂದರೆ ನಮ್ಮ ಬಳಸು ಕಡಿದು, ವೇಗವು ಅತಿ. 90 ಗ್ರಾಂ ಕೊಟ್ಟು, ಬಳಸನ್ನು ಹಿಗ್ಗಿಸಿ, ಬ್ಯಾಟರಿಯ ಒಂದು ಬಿಲ್ಲೆಯನ್ನು ತೆಗೆದು ವೇಗವನ್ನು ತಗ್ಗಿಸಿದೆವು. ಇದಕ್ಕಿಂತ ಬಹಳ ಹೆಚ್ಚು ಭಾರವನ್ನು ಗಾಲಿಗೆ ಹೊರಿಸಲಾಗದು. ನಡುವಿನ ಗಾಲಿಗಳ ಹಿಡಿತ ಸಡಿಲಿ ಅವು ನಿಂತಲ್ಲಿಯೇ ತಿರುಗುವುವು.

ರಜೆಯ ಕಡೆಯ ಸಂಜೆ ಎಂಜಿನು ಮೇಜನ್ನು ಹನ್ನೊಂದು ಸಲ ಸುತ್ತಿತು. ಬಾಯ್ಲರಿನ ನುಗ್ಗನ್ನು ತಟ್ಟಿ ಸರಿಪಡಿಸೋಣವೆಂದರೆ ಹುಡುಗನು ಒಪ್ಪಲಿಲ್ಲ. ನೋಡಬಂದವರಿಗೆಲ್ಲ ಮೊದಲು ಅದನ್ನೇ ತೋರಿಸಿ, ಎಂಜಿನು ಏಕೆ ಬಿದ್ದಿತು, ಈಗ ಏಕೆ ಬೀಳುವುದಿಲ್ಲವೆಂಬುದನ್ನು ಅವನೇ ವಿವರಿಸುತ್ತಾನೆ. ಗುಪ್ತವಾಗಿ ಗಾಲಿಯನ್ನು ಇಟ್ಟಿದ್ದರೆ ಹೇಳಲು ಅವನಿಗೆ ಏನೂ ಇರುತ್ತಿರಲಿಲ್ಲ.