ಅಪ್ಪ-ಅಮ್ಮನಿಗೆ ವಾಕಿಂಗ್ ಹೇಳುವ ಮುನ್ನ ಅವರ ಊರಿನ ಗುಡ್ಡ-ಹೊಳೆಯ ಬಗ್ಗೆ ಕೇಳಿ



ವಯಸ್ಸಾದ ಅಪ್ಪ-ಅಮ್ಮನನ್ನು ಊರಿನಿಂದ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಕರೆತರುವಾಗ ನಾವು ಎಲ್ಲವನ್ನೂ ಲೆಕ್ಕ ಹಾಕಿರುತ್ತೇವೆ. ಆಸ್ಪತ್ರೆ ಹತ್ತಿರ ಇದೆ, ಕಟ್ಟಡಕ್ಕೆ ಲಿಫ್ಟ್ ಇದೆ, ಮಾತ್ರೆ ಮನೆ ಬಾಗಿಲಿಗೇ ಬರುತ್ತದೆ. ಒಂದು ವಿಷಯ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅರವತ್ತು-ಎಪ್ಪತ್ತು ವರ್ಷ ಅವರು ದಿನಾ ನೋಡಿದ್ದ ಗುಡ್ಡ, ಕೆರೆ ಏರಿ, ಜೋಳದ ಹೊಲ ಅಥವಾ ಕಡಲು ಒಂದೇ ದಿನದಲ್ಲಿ ಕಣ್ಣಿಂದ ಮರೆಯಾಗಿರುತ್ತದೆ. ಅದರ ಜಾಗಕ್ಕೆ ನಾವು ಕೊಟ್ಟಿದ್ದು ಎದುರಿನ ಕಟ್ಟಡದ ಬಾಲ್ಕನಿ.

ನನ್ನ ಬಳಿ ಬರುವ ಹಿರಿಯರನ್ನು "ದಿನಾ ಎಷ್ಟು ನಡೀತೀರಿ?" ಎಂದು ಕೇಳಿದರೆ ಹಲವರಿಂದ ಒಂದೇ ಉತ್ತರ: "ಎಲ್ಲಿಗೆ ಅಂತ ಹೋಗ್ಲಿ ಡಾಕ್ಟ್ರೇ?"

ಇದು ಸೋಮಾರಿತನದ ಮಾತಲ್ಲ. ಊರಿನಲ್ಲಿ ಅವರು ಎಂದೂ 'ವಾಕಿಂಗ್' ಮಾಡಿದವರಲ್ಲ. ಅಡಿಕೆಗೆ ನೀರು ಬಿಟ್ಟಿದೆಯೇ ನೋಡಲು ತೋಟಕ್ಕೆ ಹೋದರು, ಕೆರೆ ಎಷ್ಟು ತುಂಬಿದೆ ಎಂದು ಏರಿಯ ಮೇಲೆ ಹೋದರು, ಸಂಜೆ ಗುಡಿಯ ಕಟ್ಟೆಗೆ ಹೋದರು. ಜಾಗ ಕರೆಯಿತು, ಕಾಲು ನಡೆಯಿತು. ಇಲ್ಲಿ ಪಾರ್ಕಿಂಗ್‌ನಲ್ಲಿ ಎಂಟು ಸುತ್ತು ಹಾಕಿ ಎಂದರೆ ಅವರ ಕಾಲಿಗೆ ಅರ್ಥವೇ ಆಗುವುದಿಲ್ಲ. ಆರು ತಿಂಗಳಲ್ಲಿ ತೂಕ ಏರುತ್ತದೆ, ನಿದ್ದೆ ಕೆಡುತ್ತದೆ, ಬಿಪಿ ಮಾತ್ರೆ ಒಂದಿದ್ದದ್ದು ಎರಡಾಗುತ್ತದೆ. ನಾವು "ವಯಸ್ಸಾಯ್ತು" ಎಂದು ಸುಮ್ಮನಾಗುತ್ತೇವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದು ನೆಲದ ಜೊತೆಗಿನ ನಂಟನ್ನು ಬರೀ ಭಾವುಕತೆ ಎಂದು ತಳ್ಳಿಹಾಕಬಾರದು. ಬಿಪಿ, ಶುಗರ್ ಕೇಳುವಂತೆಯೇ ಅದನ್ನೂ ಕೇಳಬೇಕು.

*ಇದು ಹೊಸ ಮಾತಲ್ಲ*

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ಯುವಕ ತನ್ನ ವೈದ್ಯಕೀಯ ಪ್ರಬಂಧದಲ್ಲಿ 'ನಾಸ್ಟಾಲ್ಜಿಯಾ' ಎಂಬ ಪದವನ್ನು ಹುಟ್ಟುಹಾಕಿದ. ಇಂದು ನಾವು ಅದನ್ನು ಹಳೆಯ ಹಾಡು, ಹಳೆಯ ಫೋಟೋಗಳಿಗೆ ಬಳಸುತ್ತೇವೆ. ಅವನಿಗೆ ಅದು ಊರು ಬಿಟ್ಟು ದೂರ ಹೋದವರಿಗೆ ಬರುವ ಒಂದು ಕಾಯಿಲೆಯ ಹೆಸರು. ಅವನು ಬರೆದ ಲಕ್ಷಣಗಳು ಹೀಗಿವೆ: ಸದಾ ದುಃಖ, ನಿದ್ದೆಗೇಡು, ಹಸಿವಿಲ್ಲದಿರುವುದು, ನಿಶ್ಶಕ್ತಿ, ನಿಟ್ಟುಸಿರು, ಎದೆ ಡವಗುಟ್ಟುವುದು. ಇಂದು ಇದನ್ನು ಕಾಯಿಲೆ ಎಂದು ಯಾವ ವೈದ್ಯರೂ ಬರೆಯುವುದಿಲ್ಲ. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ, ಮನೆಯಲ್ಲಿರುವ ಅಮ್ಮನ ಮುಖ ನೆನಪಾದರೆ ಆಶ್ಚರ್ಯವಿಲ್ಲ.

1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದರ್ಧ ಜನಕ್ಕೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋದರು, ಅವರಿಗೆ ತೀವ್ರ ನೋವುನಿವಾರಕವೂ ಕಡಿಮೆ ಸಾಕಾಯಿತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಅಧ್ಯಯನ ಬಂತು. ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆಯುವವರಲ್ಲಿ ತಮ್ಮ ಆರೋಗ್ಯ ಚೆನ್ನಾಗಿದೆ ಎಂದವರು ಹೆಚ್ಚಿದ್ದರು.

ಇದನ್ನು ಹಿಗ್ಗಿಸಿ ಹೇಳಲಾರೆ. ಹಸಿರಿನಿಂದ ಆರೋಗ್ಯ ಬಂತೋ, ಆರೋಗ್ಯ ಇದ್ದವರೇ ಹಸಿರಿಗೆ ಹೋದರೋ ಎಂಬುದನ್ನು ಇಂಥ ಅಧ್ಯಯನ ಪೂರ್ತಿ ಬಿಡಿಸಿ ಹೇಳುವುದಿಲ್ಲ. ನಡಿಗೆಯಿಂದ ಹೃದಯಕ್ಕೆ ಲಾಭ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷಗಟ್ಟಲೆ ಅದನ್ನು ಯಾರು ಪಾಲಿಸುತ್ತಾರೆ? ನಾನು ಕಂಡಂತೆ, ಹೋಗಬೇಕೆನಿಸುವ ಒಂದು ಜಾಗ ಇರುವವರು.

*ನಿಮ್ಮ ನೆಲದ ನೆಂಟರು ನಿಮ್ಮ ನಗರದಲ್ಲೇ ಇದ್ದಾರೆ*

"ಊರು ಊರೇ, ಇಲ್ಲೇನಿದೆ" ಎನ್ನುವವರು ಸ್ವಲ್ಪ ನಕ್ಷೆ ನೋಡಿ.

ಪುಣೆಯಲ್ಲಿರುವ ಕಲಬುರಗಿ, ವಿಜಯಪುರದವರೇ, ನಿಮ್ಮ ನಗರದ ಮುಳಾ-ಮುಠಾ ಇಂದು ಎಷ್ಟೇ ಕೊಳೆಯಾಗಿದ್ದರೂ ಹೋಗಿ ಸೇರುವುದು ಭೀಮೆಯನ್ನು. ಗಾಣಗಾಪುರದ ಪಕ್ಕ ಹರಿಯುವುದು ಅದೇ ಭೀಮೆ. ಮಲೆನಾಡಿನವರಿಗೆ ಸಿಂಹಗಡದ ಕಡೆ ಕಾಣುವ ಬೆಟ್ಟಸಾಲು ಅನ್ಯವಲ್ಲ, ಅದೂ ಸಹ್ಯಾದ್ರಿಯೇ. ಊರೊಳಗೇ ವೇತಾಳ ಟೇಕಡಿ, ಪರ್ವತಿ ಇವೆ.

ಮುಂಬಯಿಯಲ್ಲಿರುವ ಉಡುಪಿ, ಕುಂದಾಪುರ, ಕಾರವಾರದವರಿಗೆ ಹೇಳಬೇಕಾಗಿಯೇ ಇಲ್ಲ. ಕಡಲು ಒಂದೇ, ಸೂರ್ಯ ಮುಳುಗುವ ದಿಕ್ಕೂ ಒಂದೇ. ಕಾಡು ಬೇಕೆನ್ನುವವರಿಗೆ ಬೋರಿವಲಿಯ ರಾಷ್ಟ್ರೀಯ ಉದ್ಯಾನ ಇದೆ.

ಹೈದರಾಬಾದಿನ ಬಂಡೆಗಳನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯವರು ಒಮ್ಮೆ ಕೈಯಿಟ್ಟು ನೋಡಬೇಕು. ಹಂಪಿಯ ಬಂಡೆಗಳಂತೆ ಇವೂ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅಲ್ಲಿನ ನಲ್ಲಿಯಲ್ಲಿ ಬರುವ ನೀರಿನ ಒಂದು ಪಾಲು ಕೃಷ್ಣೆಯದು.

ಚೆನ್ನೈಗೆ ವೀರಾಣಂ ಕೆರೆಯ ಮೂಲಕ ಕಾವೇರಿ ನೀರು ಬರುತ್ತದೆ. ಕೊಡಗು, ಮಂಡ್ಯ, ಮೈಸೂರಿನವರು ಅಲ್ಲಿ ಕುಡಿಯುವುದರಲ್ಲೂ ಊರಿನ ಹೊಳೆಯ ಪಾಲಿದೆ. ಕರಾವಳಿಯವರಿಗೆ ಒಂದೇ ವ್ಯತ್ಯಾಸ: ಊರಿನದು ಸೂರ್ಯ ಮುಳುಗುವ ಕಡಲು, ಇಲ್ಲಿಯದು ಹುಟ್ಟುವ ಕಡಲು.

ದೆಹಲಿಗೆ ನಮ್ಮ ಹೊಳೆ ಇಲ್ಲ, ನಿಜ. ಆದರೆ ಅಲ್ಲಿನ ರಸ್ತೆಬದಿಯಲ್ಲಿ ನೇರಳೆ ಇದೆ, ಬೇವು ಇದೆ. ಮೇ ತಿಂಗಳಲ್ಲಿ ಹಳದಿಯಾಗಿ ತೂಗುವ ಅಮಲತಾಸ್ ಎಂದರೆ ನಮ್ಮ ಕಕ್ಕೆ ಮರವೇ.

*ಏನು ಮಾಡಬಹುದು?*

1. ಮನೆಯ ಹಿರಿಯರನ್ನು ಕೇಳಿ: "ಊರಲ್ಲಿ ನಿಮಗೆ ಎಲ್ಲಿ ಹೋಗಿ ಕೂರೋದು ಇಷ್ಟ ಇತ್ತು?" ಉತ್ತರ ನೀರೋ, ಮರವೋ, ಎತ್ತರವೋ, ಬಯಲೋ ನೋಡಿ. ಅದಕ್ಕೆ ಹತ್ತಿರದ ಜಾಗವೊಂದನ್ನು ಹುಡುಕಿ.

2. ವಾರಕ್ಕೆ ಎರಡು-ಮೂರು ಸಲ ಅದೇ ಜಾಗಕ್ಕೆ ಹೋಗಿ. ಪ್ರತಿ ವಾರ ಹೊಸ ಪಾರ್ಕ್ ಬೇಡ. ಯಾವ ಮರ ಚಿಗುರಿತು, ನೀರು ಎಷ್ಟು ಇಳಿಯಿತು ಎಂದು ಗೊತ್ತಾದರೆ ತಾನೇ ಜಾಗ ನಮ್ಮದಾಗುವುದು.

3. ಮೊದಲ ಒಂದು ತಿಂಗಳು ನೀವೂ ಜೊತೆಗೆ ಹೋಗಿ. ಭಾಷೆ ಬಾರದ ಊರಿನಲ್ಲಿ ದಾರಿ ತಪ್ಪುವ ಭಯವೇ ಎಷ್ಟೋ ಹಿರಿಯರನ್ನು ಮನೆಯೊಳಗೆ ಕೂರಿಸಿದೆ. ಮೊಮ್ಮಕ್ಕಳನ್ನೂ ಕರೆದೊಯ್ಯಿರಿ. ಅವರಿಗೂ ನನ್ನದು ಎನ್ನಲು ಒಂದು ನೆಲ ಬೇಕು.

4. ಹೃದಯದ ತೊಂದರೆ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಏರುದಾರಿ ಹತ್ತಬೇಡಿ. ನಡೆಯುತ್ತಾ ಮಾತಾಡಲು ಆಗುವಷ್ಟು ವೇಗ ಸಾಕು. ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆ ಬೆವರು, ಎಂದಿಲ್ಲದ ಉಸಿರುಕಟ್ಟು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ದೆಹಲಿಯ ಚಳಿಗಾಲದಲ್ಲಿ ಗಾಳಿ ಕೆಟ್ಟಿರುವ ದಿನ ಬೆಳಗಿನ ನಡಿಗೆ ಬೇಡವೇ ಬೇಡ.

*ಊರಿಗೆ ಕಳಿಸಬಹುದೇ?*

"ಒಂದೆರಡು ತಿಂಗಳು ಊರಿಗೆ ಹೋಗಿ ಬರ್ತೀನಿ" ಎಂದು ಹಿರಿಯರು ಕೇಳಿದರೆ ಮಕ್ಕಳು ಹೆದರಿ ಬೇಡ ಎನ್ನುತ್ತಾರೆ. ಕಾಯಿಲೆ ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದರೆ ಕಳಿಸಿ ಎಂಬುದೇ ನನ್ನ ಮಾತು. ಆಸ್ಪತ್ರೆಯ ದೂರ ಒಂದು ಲೆಕ್ಕ, ಬದುಕುವ ಆಸೆ ಇನ್ನೊಂದು ಲೆಕ್ಕ. ಎರಡನ್ನೂ ಕೂಡಿಸಬೇಕು.

ಕಳಿಸುವಾಗ ಪೂರ್ತಿ ಅವಧಿಯ ಮಾತ್ರೆ, ಡಿಸ್ಚಾರ್ಜ್ ಸಮ್ಮರಿ ಮತ್ತು ಹಳೆಯ ಇಸಿಜಿಯ ಫೋಟೋ ಜೊತೆಗಿರಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆಯೇ ವಿಚಾರಿಸಿಡಿ. ಈ ಯೋಜನೆಯಡಿ ಎದೆನೋವು ಬಂದವರಿಗೆ ಇಸಿಜಿ ಮಾಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆಂಬುಲೆನ್ಸಿಗೆ 108.

ಕೊನೆಯದಾಗಿ ಒಂದು ಎಚ್ಚರಿಕೆ. "ಊರಿನ ಗಾಳಿಯೇ ಔಷಧ" ಎಂದು ಮಾತ್ರೆ ನಿಲ್ಲಿಸುವವರಿದ್ದಾರೆ. ಊರಿನ ಗಾಳಿ ಮನಸ್ಸನ್ನು ಹಗುರ ಮಾಡುತ್ತದೆ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ. ಗುಡ್ಡವೂ ಇರಲಿ, ಮಾತ್ರೆಯೂ ಇರಲಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮೊದಲನೆಯ ಪ್ರಶ್ನೆಯನ್ನು ಕೇಳಿಬಿಡಿ. ಉತ್ತರ ಸ್ವಲ್ಪ ಉದ್ದ ಆಗಬಹುದು, ಟಿವಿ ಆರಿಸಿ ಕೇಳಿ.

ಉಪಯೋಗವೆನಿಸಿದರೆ ಹೊರನಾಡಿನಲ್ಲಿರುವ ನಿಮ್ಮವರಿಗೂ ಕಳುಹಿಸಿ. ಇದು ಸಾಮಾನ್ಯ ತಿಳಿವಳಿಕೆಗೆ ಮಾತ್ರ. ನಿಮ್ಮ ಚಿಕಿತ್ಸೆಯ ಬಗ್ಗೆ ನಿಮ್ಮ ವೈದ್ಯರ ಮಾತೇ ಅಂತಿಮ.

(ಲೇಖಕರು ಹೃದ್ರೋಗ ತಜ್ಞರು, ಎಂ.ಡಿ.)