ಸೋತ ಮತಗಳ ಲೆಕ್ಕ

ಚುನಾವಣೆಯ ಕಾಲದಲ್ಲಿ ನಮ್ಮ ಊರುಗಳಲ್ಲಿ ಅಭ್ಯರ್ಥಿಗಳಿಗೆ ಹಾಕುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ರಸ್ತೆ ಮಾಡಿಸಿದಿರಾ, ಶಾಲೆಗೆ ಕಟ್ಟಡ ತಂದಿರಾ, ನಾಲೆಗೆ ನೀರು ಬಿಡಿಸಿದಿರಾ ಎಂದು. ಇವು ಅಗತ್ಯವಾದ ಪ್ರಶ್ನೆಗಳೇ ಸರಿ. ಆದರೆ ಇವೆಲ್ಲ ಮುಖ್ಯವಾಗಿ ಕಾರ್ಯಾಂಗಕ್ಕೆ ಸೇರಿದವು. ಶಾಸನಸಭೆಗೆ ನಾವು ಕಳುಹಿಸಿಕೊಡುವ ವ್ಯಕ್ತಿಯ ಸ್ವಂತ ಕಸಬು ಶಾಸನ ಮಾಡುವುದು. ಆ ಕಸಬನ್ನು ಆತ ಹೇಗೆ ನಡೆಸಿದ? ಯಾವ ಮಸೂದೆಗೆ ಒಪ್ಪಿಗೆಯಿತ್ತ, ಯಾವುದನ್ನು ವಿರೋಧಿಸಿದ, ಎಲ್ಲಿ ಮೌನವಾಗಿ ಕುಳಿತ? ಹೀಗೆಂದು ಕೇಳುವವರು ವಿರಳ. ಕೇಳಿದರೂ ಉತ್ತರ ದೊರೆಯುವುದು ಅದಕ್ಕಿಂತ ವಿರಳ. ನಮ್ಮ ಶಾಸನಸಭೆಗಳಲ್ಲಿ ಬಹುಪಾಲು ನಿರ್ಣಯಗಳು ಧ್ವನಿಮತದಿಂದ ಆಗುತ್ತವೆ. ಧ್ವನಿಗೆ ಹೆಸರಿಲ್ಲ, ವಿಳಾಸವಿಲ್ಲ. ಹೀಗಿರುವಾಗ ಒಬ್ಬ ಶಾಸನಕರ್ತನನ್ನು ಅಳೆಯಲು ನಮ್ಮ ಕೈಯಲ್ಲಿರುವ ಕೋಲು ಯಾವುದು?

ಈ ಪ್ರಶ್ನೆಯನ್ನು ತತ್ತ್ವಮಾತ್ರವಾಗಿ ಚರ್ಚಿಸುವುದಕ್ಕಿಂತ ಒಬ್ಬ ವ್ಯಕ್ತಿಯ ನಿದರ್ಶನದಿಂದ ನೋಡುವುದು ಲೇಸು. ಅದಕ್ಕೆ ಹರಿ ವಿಷ್ಣು ಕಾಮತರಷ್ಟು ತಕ್ಕ ಹೆಸರು ಸುಲಭವಾಗಿ ದೊರೆಯಲಾರದು. ಕಾಮತರು 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಐ.ಸಿ.ಎಸ್. ಅಧಿಕಾರಿಯಾಗಿ ಮಧ್ಯಪ್ರಾಂತದಲ್ಲಿ ಸೇವೆ ಸಲ್ಲಿಸಿ, 1938ರಲ್ಲಿ ಆ ಪದವಿಯನ್ನು ಬಿಸುಟು ಸುಭಾಷಚಂದ್ರ ಬೋಸರ ಹಾದಿ ಹಿಡಿದವರು. ಮಧ್ಯಪ್ರಾಂತ ಮತ್ತು ಬೇರಾರಿನ ಪ್ರತಿನಿಧಿಯಾಗಿ ರಾಜ್ಯಾಂಗ ರಚನಾ ಸಭೆಯನ್ನು ಸೇರಿದರು. ಮುಂದೆ ನರ್ಮದಾ ತೀರದ ಹೋಶಂಗಾಬಾದಿನಿಂದ ಒಂದನೆಯ, ಮೂರನೆಯ ಹಾಗೂ ಆರನೆಯ ಲೋಕಸಭೆಗಳಿಗೆ ಆಯ್ಕೆಯಾದರು. 1982ರಲ್ಲಿ ತೀರಿಕೊಂಡರು. ಕನ್ನಡ ಕರಾವಳಿಯ ಈ ಮಗನನ್ನು ಕನ್ನಡಿಗರು ಬಹುಮಟ್ಟಿಗೆ ಮರೆತಿದ್ದಾರೆ. ಅವರನ್ನು ಸಂಸತ್ತಿಗೆ ಕಳಿಸಿದ ಪುಣ್ಯ ಹೊರನಾಡಿನದು.

ರಾಜ್ಯಾಂಗ ಸಭೆಯ ವರದಿಗಳನ್ನು ತಿರುವಿದರೆ ಕಾಮತರ ಹೆಸರು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅವರು ಮಂಡಿಸಿದ ತಿದ್ದುಪಡಿಗಳು ಅಸಂಖ್ಯ. ಅವುಗಳಲ್ಲಿ ಬಹುಪಾಲಿನ ಕೆಳಗೆ ಕಾಣುವುದು ‘ತಿರಸ್ಕೃತವಾಯಿತು’ ಎಂಬ ಒಂದೇ ಮಾತು. ಎಷ್ಟು ಮಂದಿ ಪರ, ಎಷ್ಟು ಮಂದಿ ವಿರೋಧ ಎಂಬ ಅಂಕಿ ಅಲ್ಲಿಲ್ಲ. ಸಭೆಯಲ್ಲಿ ಬಹುಸಂಖ್ಯೆಯಲ್ಲಿದ್ದ ಕಾಂಗ್ರೆಸ್ ಪಕ್ಷ ಮುಖ್ಯ ವಿಧಿಗಳನ್ನು ತನ್ನ ಪಕ್ಷದ ಸಭೆಯಲ್ಲೇ ಮೊದಲು ಚರ್ಚಿಸಿ ತೀರ್ಮಾನಿಸುತ್ತಿತ್ತು. ಅಲ್ಲಿ ಆದ ತೀರ್ಮಾನ ಸಾಮಾನ್ಯವಾಗಿ ಸಭೆಯ ತೀರ್ಮಾನವೂ ಆಗುತ್ತಿತ್ತು. ಆದುದರಿಂದ ಬಹುಮತವನ್ನು ಬದಲಿಸುವ ಆಸೆ ಕಾಮತರಿಗೆ ಅಷ್ಟಾಗಿ ಇದ್ದಿರಲಾರದು. ಆದರೂ ಎದ್ದು ನಿಂತರು, ಮಾತನಾಡಿದರು, ಸೋತರು, ಮತ್ತೆ ಮರುದಿನ ಎದ್ದು ನಿಂತರು.

ಅಂಕಿಗಳು ಉಳಿದಿರುವ ಎರಡು ಸಂದರ್ಭಗಳಿವೆ. ಮೊದಲನೆಯದು ದೇಶದ ಹೆಸರಿನದು. 1949ರ ಸೆಪ್ಟೆಂಬರ್ 18ರಂದು ಮೊದಲನೆಯ ವಿಧಿ ಚರ್ಚೆಗೆ ಬಂದಾಗ, ‘ಇಂಡಿಯಾ, ಎಂದರೆ ಭಾರತ’ ಎಂಬ ಕರಡಿನ ಜೋಡಣೆ ಕಾಮತರಿಗೆ ಸರಿಬೀಳಲಿಲ್ಲ. ಭಾರತವೆಂಬ ಹೆಸರು ಮೊದಲು ಬರಲಿ, ಇಂಗ್ಲಿಷಿನಲ್ಲಿ ಅದನ್ನು ಇಂಡಿಯಾ ಎನ್ನುತ್ತಾರೆಂದು ಸೂಚಿಸಿದರೆ ಸಾಕು ಎಂಬುದು ಅವರ ವಾದ. ಕೈಯೆತ್ತಿಸಿ ಎಣಿಸಿದಾಗ ಪರವಾಗಿ 38, ವಿರೋಧವಾಗಿ 51. ಸುಮಾರು ಮುನ್ನೂರು ಸದಸ್ಯರ ಸಭೆಯಲ್ಲಿ ದೇಶದ ನಾಮಕರಣಕ್ಕೆ ಎದ್ದ ಕೈಗಳು ಎಂಬತ್ತೊಂಬತ್ತೇ ಎಂಬುದು ವಾಚಕರು ಗಮನಿಸತಕ್ಕ ಸಂಗತಿ.

ಎರಡನೆಯದು ಒಂದು ತಿಂಗಳ ಅನಂತರ, ಅಕ್ಟೋಬರ್ 17ರಂದು, ಪ್ರಸ್ತಾವನೆ ಚರ್ಚೆಗೆ ಬಂದ ದಿನ. ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ಕಾಮತರು ಸೂಚಿಸಿದರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ಸದಸ್ಯರನ್ನು ಸಿಕ್ಕಿಸಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಎಲ್ಲರಿಗೂ ವಿಚಾರ, ನಂಬಿಕೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಕೊಡುವ ಪ್ರಸ್ತಾವನೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೊರಿಸುವುದು ಸಲ್ಲದೆಂದು ಹೃದಯನಾಥ ಕುಂಜ್ರು ಅವರು ಹೇಳಿದರು. ಕಾಮತರು ಹಿಂಜರಿಯಲಿಲ್ಲ, ಎಣಿಕೆಯಾಗಲೇಬೇಕೆಂದು ಹಟ ಹಿಡಿದರು. ಪರವಾಗಿ 41, ವಿರೋಧವಾಗಿ 68. ಇದು ನಮ್ಮ ಚರಿತ್ರೆಯಲ್ಲಿ ಕರಾಳ ದಿನವೆಂದು ನೊಂದು ನುಡಿದು ಅವರು ಕುಳಿತರು.

ಇಲ್ಲಿ ಕಾಮತರ ಪಕ್ಷವನ್ನು ವಹಿಸುವುದು ಕಷ್ಟ. ಆಸ್ತಿಕರಾದ ಸದಸ್ಯರೇ ಅನೇಕರು ಅವರ ವಿರುದ್ಧ ಕೈಯೆತ್ತಿರಬೇಕು. ಅವರು ದೇವರನ್ನು ನಿರಾಕರಿಸಿದ್ದಲ್ಲ, ಮನಸ್ಸಾಕ್ಷಿಯ ವಿಷಯದಲ್ಲಿ ಬಹುಮತದ ಅಧಿಕಾರವನ್ನು ನಿರಾಕರಿಸಿದರು. ಅಂದಿನ ತೀರ್ಮಾನ ವಿವೇಕದ್ದೆಂದೇ ತೋರುತ್ತದೆ. ಈ ಎರಡು ಅಂಕಿಗಳನ್ನು ಮಾತ್ರ ನೋಡಿದವನು ಕಾಮತರನ್ನು ಹೆಸರು, ಶ್ರದ್ಧೆಗಳ ವಿಚಾರದಲ್ಲಿ ಹಟವಾದಿಯಾದ ಸಂಪ್ರದಾಯಸ್ಥರೆಂದು ಬಗೆದರೆ ಆಶ್ಚರ್ಯವಿಲ್ಲ.

ಆದರೆ ಅದೇ ವರ್ಷದ ಆಗಸ್ಟ್ ತಿಂಗಳ ವರದಿ ಬೇರೊಬ್ಬ ಕಾಮತರನ್ನು ತೋರಿಸುತ್ತದೆ. ಆಗ ಸಭೆಯ ಮುಂದಿದ್ದುದು ತುರ್ತು ಪರಿಸ್ಥಿತಿಯ ಅಧ್ಯಾಯ. ಕರಡಿನ 275ನೆಯ ವಿಧಿ ತುರ್ತು ಪರಿಸ್ಥಿತಿಯನ್ನು ಘೋಷಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಡುತ್ತಿತ್ತು. 280ನೆಯದು ಅಂಥ ಕಾಲದಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕನ್ನೇ ಒಂದು ಆಜ್ಞೆಯಿಂದ ಅಮಾನತಿನಲ್ಲಿಡಲು ಅವಕಾಶ ಮಾಡುತ್ತಿತ್ತು. ಇವೇ ಇಂದಿನ ರಾಜ್ಯಾಂಗದ 352 ಮತ್ತು 359ನೆಯ ವಿಧಿಗಳು. ಪ್ರಜಾಪ್ರಭುತ್ವವುಳ್ಳ ಬೇರಾವ ದೇಶದ ರಾಜ್ಯಾಂಗದಲ್ಲೂ ಇದಕ್ಕೆ ಸಾಟಿಯಿಲ್ಲ. ಹತ್ತಿರದ ಹೋಲಿಕೆ ಜರ್ಮನಿಯ ವೈಮಾರ್ ರಾಜ್ಯಾಂಗದ್ದು, ಅದರ ಇಂಥ ವಿಧಿಯನ್ನೇ ಮೆಟ್ಟಿಲು ಮಾಡಿಕೊಂಡು ಹಿಟ್ಲರ್ ಅದನ್ನು ಕೆಡವಿದ ಎಂದು ಕಾಮತರು ಎಚ್ಚರಿಸಿದರು. ಈ ಒಂದು ಅಧ್ಯಾಯದಿಂದ ಪೋಲೀಸು ರಾಜ್ಯಕ್ಕೆ ತಳಹದಿ ಹಾಕುತ್ತಿದ್ದೇವೆ, ಅಲ್ಲಿ ಶಾಂತಿಯಿದ್ದರೆ ಅದು ಶ್ಮಶಾನದ ಶಾಂತಿ ಎಂಬುದು ಅವರ ಮಾತಿನ ಸಾರ. 280ನೆಯ ವಿಧಿ ಅಂಗೀಕಾರವಾದಾಗ, ನಾಚಿಕೆ ಮತ್ತು ದುಃಖದ ದಿನವಿದು, ಭಾರತದ ಜನತೆಗೆ ದೇವರೇ ನೆರವಾಗಲಿ ಎಂದರು.

ಬಹುಮತದವರಿಗೆ ಕಾರಣಗಳಿರಲಿಲ್ಲವೆಂದಲ್ಲ. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಕಾಶ್ಮೀರದ ಕದನ ನಿಂತು ತಿಂಗಳುಗಳಷ್ಟೇ ಕಳೆದಿದ್ದವು. ಹೈದರಾಬಾದಿನ ಪ್ರಕರಣ ಹಿಂದಿನ ವರ್ಷದ್ದು. ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆದೇ ಇತ್ತು. ಯುದ್ಧವನ್ನು ಮ್ಯಾಗ್ನಾ ಕಾರ್ಟದ ತತ್ತ್ವಗಳ ಮೇಲೆ ನಡೆಸಲಾಗದು ಎಂದು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರಂಥ ಧೀಮಂತರು ವಾದಿಸಿದರು. ಆ ವಾದ ತಳ್ಳಿಹಾಕುವಂಥದಲ್ಲ. ಅದರ ಕೊರತೆ ಒಂದೇ: ಅಧಿಕಾರ ತಮ್ಮಂಥ ಸಜ್ಜನರ ಕೈಯಲ್ಲೇ ಇರುವುದೆಂಬ ಭರವಸೆಯ ಮೇಲೆ ಅದು ನಿಂತಿತ್ತು. ಕಾನೂನನ್ನು ಬರೆಯುವಾಗ ಕೈಗಳು ಬದಲಾಗುವುದನ್ನು ಎಣಿಸಬೇಕು. ಕಾಮತರು ಎಣಿಸಿದ್ದು ಅದನ್ನೇ.

ಕೈಗಳು ಬದಲಾಗಲು ಇಪ್ಪತ್ತಾರು ವರ್ಷ ಹಿಡಿಯಿತು. 1975ರ ಜೂನ್ 25ರ ರಾತ್ರಿ ಆಂತರಿಕ ಕ್ಷೋಭೆಯ ಹೆಸರಿನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಎರಡೇ ದಿನಗಳಲ್ಲಿ 359ನೆಯ ವಿಧಿಯ ಮೇರೆಗೆ ಹೊರಟ ಆಜ್ಞೆ, 14, 21 ಮತ್ತು 22ನೆಯ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಮುಚ್ಚಿತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ, ಜಬಲ್‌ಪುರದ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ, ಸೆರೆಯಾದವನಿಗೆ ತನ್ನ ಬಂಧನವನ್ನು ಪ್ರಶ್ನಿಸುವ ಹಕ್ಕು ಆ ಕಾಲದಲ್ಲಿ ಇಲ್ಲವೆಂದು ತೀರ್ಪಿತ್ತಿತು. ಐವರಲ್ಲಿ ನಾಲ್ವರು ಒಂದು ಕಡೆ. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. 1949ರಲ್ಲಿ ಸೋತ ಮಾತೇ ಮತ್ತೊಮ್ಮೆ, ಮತ್ತೊಂದು ಪೀಠದಲ್ಲಿ, ಅಲ್ಪಸಂಖ್ಯಾತವಾಗಿ ಸೋತಿತು.

1977ರಲ್ಲಿ ಹೋಶಂಗಾಬಾದಿನ ಜನ ಎಪ್ಪತ್ತರ ಹೊಸ್ತಿಲಲ್ಲಿದ್ದ ಕಾಮತರನ್ನು ಜನತಾ ಪಕ್ಷದ ಸದಸ್ಯರಾಗಿ ಲೋಕಸಭೆಗೆ ಮತ್ತೆ ಕಳುಹಿಸಿದರು. ಆ ಸಂಸತ್ತು 1978ರಲ್ಲಿ ಒಪ್ಪಿದ ನಲವತ್ತನಾಲ್ಕನೆಯ ತಿದ್ದುಪಡಿ ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಮಾತನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿಗೊಳಿಸಿತು. ಘೋಷಣೆಗೆ ಮುನ್ನ ಮಂತ್ರಿಮಂಡಲದ ಲಿಖಿತ ನಿರ್ಧಾರ ಬೇಕೆಂದಿತು. 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ತುರ್ತು ಕಾಲದಲ್ಲೂ ಅಮಾನತಿನಲ್ಲಿಡಲಾಗದೆಂದು ವಿಧಿಸಿತು. ಸೋತ ಮಾತು ಮೂವತ್ತು ವರ್ಷ ಕಾದು ಅರ್ಧ ಗೆದ್ದಿತು. ಅರ್ಧ ಏಕೆಂದರೆ, ಅಧ್ಯಾಯ ಇಂದಿಗೂ ರಾಜ್ಯಾಂಗದಲ್ಲಿ ಇದೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳಬಹುದು. ಅಂಕಿ ಉಳಿದ ಎರಡು ಮತಗಳಿಂದ ಕಾಮತರನ್ನು ಅಳೆದಿದ್ದರೆ ಅವರ ಬಾಳಿನ ಅತ್ಯಂತ ಬೆಲೆಯುಳ್ಳ ನಿಲುವು ನಮ್ಮ ಕೋಲಿಗೆ ಸಿಕ್ಕುತ್ತಲೇ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಶಾಸನಸಭೆಗೆ ಸಲ್ಲುವುದಿಲ್ಲ. ಅಲ್ಲಿ ಆಡಿದ ಮಾತು ಅಚ್ಚಾಗಿ ಉಳಿಯುತ್ತದೆ. ಸದಸ್ಯನ ನಿಜವಾದ ದಾಖಲೆಯಲ್ಲಿ ಮೂರು ಅಂಗಗಳಿವೆ: ಅವನು ಆಡಿದ ಮಾತು, ಮಂಡಿಸಿದ ತಿದ್ದುಪಡಿ, ಹಾಕಿದ ಮತ. ಈ ಮೂರೂ ಒಂದನ್ನೊಂದು ಒರೆಗೆ ಹಚ್ಚುತ್ತವೆ. ಹೊರಗೆ ವೇದಿಕೆಯ ಮೇಲೆ ಒಂದನ್ನು ಹೇಳಿ ಒಳಗೆ ಇನ್ನೊಂದಕ್ಕೆ ಕೈಯೆತ್ತುವವನು ಸಿಕ್ಕಿಬೀಳುವುದು ಇವುಗಳನ್ನು ಜೊತೆಯಾಗಿ ಓದಿದಾಗ ಮಾತ್ರ.

ದುರ್ದೈವವೆಂದರೆ, ಈ ಓದು ದಿನದಿನಕ್ಕೆ ಕಠಿನವಾಗುತ್ತಿದೆ. ಲೋಕಸಭೆಯಲ್ಲಿ ಮತಗಳನ್ನು ತಾನಾಗಿ ದಾಖಲಿಸುವ ಯಂತ್ರ 1957ರಲ್ಲೇ ಬಂತು. ರಾಜ್ಯಾಂಗದ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದುದರಿಂದ ಅಲ್ಲಿ ಎಣಿಕೆ ಅನಿವಾರ್ಯ. ಮಿಕ್ಕ ಮಸೂದೆಗಳಲ್ಲಿ ಸದಸ್ಯರು ಮತವಿಭಜನೆಯನ್ನು ಒತ್ತಾಯಿಸಿದರೆ ಮಾತ್ರ ಯಂತ್ರಕ್ಕೆ ಕೆಲಸ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿಗೆ ಸಂಬಂಧಿಸಿದ ಎರಡು ಮಸೂದೆಗಳು ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾದುವು. ಮತವಿಭಜನೆ ಕೇಳಿದೆವು, ಕೊಡಲಿಲ್ಲವೆಂದು ವಿರೋಧಪಕ್ಷದವರು ಹೇಳಿದರು. ಕೇಳಿದವರು ತಮ್ಮ ಸ್ಥಾನಗಳಲ್ಲಿರಲಿಲ್ಲ ಎಂಬುದು ಪೀಠದ ಸಮಾಧಾನ. ಒಂದು ವರ್ಷದ ರೈತ ಚಳವಳಿಯ ಬಳಿಕ 2021ರ ನವೆಂಬರ್ 29ರಂದು ಆ ಕಾಯಿದೆಗಳನ್ನು ರದ್ದುಪಡಿಸುವ ಮಸೂದೆಯೂ ಸರಿಯಾದ ಚರ್ಚೆಯಿಲ್ಲದೆ ಧ್ವನಿಮತದಿಂದಲೇ ಅಂಗೀಕಾರವಾಯಿತು. ಕಾಯಿದೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ವಾದ. ಆ ಮೇಲ್ಮನೆಯಲ್ಲಿ ಯಾವ ಸದಸ್ಯ ಯಾವ ಕಡೆ ನಿಂತನೆಂದು ಹೆಸರು ಹಿಡಿದು ಹೇಳುವ ಮತಪಟ್ಟಿ ಮಾತ್ರ ಎರಡು ಸಲವೂ ಹುಟ್ಟಲಿಲ್ಲ.

ಎಣಿಕೆಯಾದರೂ ಇನ್ನೊಂದು ತೊಡಕಿದೆ. 1985ರಲ್ಲಿ ಐವತ್ತೆರಡನೆಯ ತಿದ್ದುಪಡಿಯಿಂದ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಆದೇಶವನ್ನು ಮೀರಿ ಮತ ಹಾಕಿದವನು, ಅಥವಾ ಹಾಕದೆ ಉಳಿದವನು, ಪಕ್ಷ ಕ್ಷಮಿಸದಿದ್ದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಪಕ್ಷಾಂತರದ ಪಿಡುಗನ್ನು ತಡೆಯುವುದು ಇದರ ಉದ್ದೇಶ. 1992ರಲ್ಲಿ ಕಿಹೊಟೊ ಹೊಲೊಹಾನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಅನುಸೂಚಿಯನ್ನು ಎತ್ತಿಹಿಡಿಯಿತಾದರೂ, ಇಂಥ ಕಟ್ಟುನಿಟ್ಟಿನ ಆದೇಶ ಸರಕಾರದ ಅಳಿವು ಉಳಿವಿನ ಪ್ರಶ್ನೆಗಳಿಗೂ ಪಕ್ಷದ ಮೂಲನೀತಿಗೂ ಸೀಮಿತವಾಗಿರುವುದು ಲೇಸೆಂದು ಸೂಚಿಸಿತು. ಪಕ್ಷಗಳು ಆ ಸೂಚನೆಯನ್ನು ಮನಸ್ಸಿಗೆ ಹಚ್ಚಿಕೊಂಡಂತಿಲ್ಲ. ಪಕ್ಷಾಂತರವಾದರೂ ನಿಂತಿತೇ? 2019ರಲ್ಲಿ ನಮ್ಮ ವಿಧಾನಸಭೆಯ ಹದಿನೇಳು ಶಾಸಕರು ಅನರ್ಹರಾದರು. ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದು, ಮರಳಿ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಅವರಲ್ಲಿ ಬಹುಮಂದಿ ಡಿಸೆಂಬರಿನ ಉಪಚುನಾವಣೆಯಲ್ಲಿ ಬೇರೆ ಪಕ್ಷದಿಂದ ಗೆದ್ದು ಅದೇ ಸದನಕ್ಕೆ ಬಂದರು. ಮನಸ್ಸಾಕ್ಷಿಯಿಂದ ಒಂದು ಮಸೂದೆಯನ್ನು ವಿರೋಧಿಸುವವನ ಕೈಯನ್ನು ಕಾಯಿದೆ ಕಟ್ಟಿತು. ಪಕ್ಷವನ್ನೇ ಬಿಟ್ಟು ಹೋಗುವವನ ಕಾಲನ್ನು ಕಟ್ಟಲಿಲ್ಲ.

ಇಂದು ಕಾಮತರಂಥ ಸದಸ್ಯರೊಬ್ಬರು ಆಳುವ ಪಕ್ಷದ ಸಾಲಿನಲ್ಲಿದ್ದು, ಪಕ್ಷದ ಆದೇಶವಿದ್ದಾಗ ವಿರುದ್ಧವಾಗಿ ಕೈಯೆತ್ತಿದರೆ ಸ್ಥಾನವನ್ನೇ ಪಣವಾಗಿಡಬೇಕಾಗುತ್ತದೆ. ಆದರೆ ಮಾತನಾಡುವುದನ್ನು, ತಿದ್ದುಪಡಿಯನ್ನು ಮಂಡಿಸುವುದನ್ನು, ‘ಎಣಿಸಿರಿ’ ಎಂದು ಕೇಳುವುದನ್ನು ಆ ಅನುಸೂಚಿ ನೇರವಾಗಿ ನಿಷೇಧಿಸಿಲ್ಲ. ಉಳಿದಿರುವ ಈ ಸ್ವಲ್ಪ ಎಡೆಯನ್ನು ಬಳಸುವವರು ಯಾರು, ಬಳಸದವರು ಯಾರು ಎಂಬುದೇ ನಮ್ಮ ಕಾಲದಲ್ಲಿ ಶಾಸನಕರ್ತರನ್ನು ಅಳೆಯುವ ಮಾನ. ಮುಖ್ಯ ಮಸೂದೆಗಳ ಕಡೆಯ ಮತವಾದರೂ ಹೆಸರುಸಹಿತ ದಾಖಲಾಗಬೇಕೆಂಬ ನಿಯಮ ಬಂದರೆ ಒಳ್ಳೆಯದು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ಇರುವ ಗುಂಡಿಯನ್ನು ಒತ್ತಿದರೆ ಸಾಕು.

ಓದುವವರ ಪಾಲಿನ ಕೆಲಸವೂ ಇದೆ. ರಾಜ್ಯಾಂಗ ಸಭೆಯ, ಸಂಸತ್ತಿನ ಚರ್ಚೆಗಳು ಇಂದು ಯಾರು ಬೇಕಾದರೂ ನೋಡುವಂತೆ ದೊರೆಯುತ್ತವೆ. ನಮ್ಮ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ವಿಧಿಗಳ ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ; ಆ ವಿಧಿಗಳನ್ನು ವಿರೋಧಿಸಿ ಸೋತವರ ಮಾತುಗಳನ್ನು ಅವರ ಮುಂದೆ ಇಡುವ ಅಧ್ಯಾಪಕರು ಎಷ್ಟು ಮಂದಿ? 352ನೆಯ ವಿಧಿಯನ್ನು ಕಲಿಸುವ ದಿನ 1949ರ ಆಗಸ್ಟಿನ ಕಾಮತರ ಭಾಷಣವನ್ನೂ, ಅದಕ್ಕೆ ಎದುರಾಗಿ ಅಲ್ಲಾಡಿಯವರ ಉತ್ತರವನ್ನೂ ತರಗತಿಯಲ್ಲಿ ಓದಿಸಬಹುದು. ಯಾರ ಪರ ಕೈಯೆತ್ತಬೇಕೆಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಲಿ. ಹಾಗೆ ನಿರ್ಧರಿಸಿದವರು ನಾಳೆ ತಮ್ಮ ಊರಿಗೆ ಬಂದ ಅಭ್ಯರ್ಥಿಯನ್ನು ನಾಲೆಯ ನೀರಿನ ಜೊತೆಗೆ ಮತದ ಲೆಕ್ಕವನ್ನೂ ಕೇಳಿಯಾರು.