ಮೊದಲ ಉಸಿರಿಗೆ ಒಂದೇ ನಿಮಿಷ: ನಿಮ್ಮ ಆಸ್ಪತ್ರೆ ಸಿದ್ಧವಿದೆಯೇ?

‘ಹುಟ್ಟಿದಾಗ ಮಗು ಅಳಲೇ ಇಲ್ಲವಂತೆ.’ ನಮ್ಮ ಹಳ್ಳಿಗಳಲ್ಲಿ ಈ ಮಾತು ಕೇಳದವರು ಕಡಿಮೆ. ಕೆಲವು ಮನೆಗಳಲ್ಲಿ ಮಗು ಉಳಿಯುವುದಿಲ್ಲ. ಕೆಲವು ಮನೆಗಳಲ್ಲಿ ಉಳಿದರೂ ಫಿಟ್ಸ್ ಬರುತ್ತದೆ, ಕತ್ತು ನಿಲ್ಲುವುದು, ನಡೆಯುವುದು ತಡವಾಗುತ್ತದೆ. ಕೊನೆಗೆ ಎಲ್ಲರೂ ಹಣೆಬರಹ ಎನ್ನುತ್ತಾರೆ. ಇಲ್ಲವೇ ಬಾಣಂತಿಯನ್ನೇ ದೂರುತ್ತಾರೆ.

ಹಣೆಬರಹ ಎನ್ನುವ ಮೊದಲು ಹೆರಿಗೆ ಕೋಣೆಯಲ್ಲಿ ಏನಿತ್ತು, ಯಾರಿದ್ದರು ಎಂದು ಕೇಳಬೇಕು. ಇಂಥ ಎಷ್ಟೋ ಮಕ್ಕಳನ್ನು ಉಳಿಸಬಹುದು. ಅದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ.

ಹೊಟ್ಟೆಯಲ್ಲಿರುವಾಗ ಮಗುವಿಗೆ ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಹುಟ್ಟಿದ ಕೂಡಲೇ ಅದು ತಾನೇ ಉಸಿರಾಡಬೇಕು. ಹೆರಿಗೆ ಬಹಳ ಹೊತ್ತು ಎಳೆದರೆ, ಬಳ್ಳಿ ಒತ್ತಿಕೊಂಡರೆ, ದಿನ ತುಂಬುವ ಮೊದಲೇ ಮಗು ಹುಟ್ಟಿದರೆ ಇದು ಕಷ್ಟವಾಗಬಹುದು. 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಉಸಿರು ಶುರುವಾಗಲು ಏನಾದರೂ ಸಹಾಯ ಬೇಕಾಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೆ ಅನೇಕ ಮಕ್ಕಳು ಅಳುತ್ತವೆ. ಆಗಲೂ ಉಸಿರಾಡದಿದ್ದರೆ ಮೂಗು, ಬಾಯಿ ಮುಚ್ಚುವ ಪುಟ್ಟ ಮಾಸ್ಕ್ ಇಟ್ಟು, ಕೈಯಲ್ಲಿ ಒತ್ತುವ ಆಂಬು ಬ್ಯಾಗ್‌ನಿಂದ ನಿಮಿಷಕ್ಕೆ 40ರಿಂದ 60 ಸಲ ಗಾಳಿ ಕೊಡಬೇಕು. ದಿನ ತುಂಬಿದ ಮಗುವಿಗೆ ಶುರುವಿನಲ್ಲಿ ಮಾಮೂಲಿ ಗಾಳಿಯೇ ಸಾಕು. ತಲೆಕೆಳಗೆ ಹಿಡಿದು ಹೊಡೆಯುವುದು, ತಣ್ಣೀರು ಚಿಮುಕಿಸುವುದು ಅಪಾಯ.

ಈ ಕೆಲಸವೆಲ್ಲ ಹುಟ್ಟಿದ ಒಂದು ನಿಮಿಷದೊಳಗೆ ಶುರುವಾಗಬೇಕು. 108ಕ್ಕೆ ಫೋನ್ ಮಾಡಿ ಊರಿನ ಹೆಸರು ಹೇಳುವಷ್ಟರಲ್ಲಿ ಆ ನಿಮಿಷ ಮುಗಿದಿರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಇರಬೇಕು, ನಿಜ. ಆದರೆ ಮಗು ಅಲ್ಲಿಗೆ ತಲುಪಬೇಕಾದರೆ, ಹೆರಿಗೆಯಾದ ಜಾಗದಲ್ಲೇ ಯಾರಾದರೂ ಅದಕ್ಕೆ ಉಸಿರು ಕೊಟ್ಟಿರಬೇಕು.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಸಿಬ್ಬಂದಿಗೆ ಈ ಕೆಲಸ ಕಲಿಸಲೆಂದೇ ಕೇಂದ್ರ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ತಂದಿತು. ಹೆರಿಗೆ ಮಾಡಿಸುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಮಗುವಿನ ಆರೈಕೆಗೆ ವಾರ್ಮರ್ ಇರುವ ಪ್ರತ್ಯೇಕ ಜಾಗ ಇರಬೇಕೆಂಬ ನಿಯಮವೂ ಇದೆ. ಆದರೆ ಬ್ಯಾಗ್ ಬೀರುವಿನಲ್ಲಿದ್ದು ಕೀಲಿ ಹಗಲು ಪಾಳಿಯವರ ಹತ್ತಿರ ಇದ್ದರೆ ಏನು ಬಂತು? ತರಬೇತಿ ಪಡೆದ ನರ್ಸ್ ವರ್ಗವಾಗಿ ಹೋದರೆ? ಒಮ್ಮೆ ಕಲಿತವರಿಗೂ ಅಭ್ಯಾಸ ತಪ್ಪಿದರೆ ಕೈ ಮರೆಯುತ್ತದೆ. ಗೊಂಬೆಯ ಮೇಲೆ ಆಗಾಗ ಅಭ್ಯಾಸ ಮಾಡಿಸಬೇಕು. ಪ್ರತಿ ಪಾಳಿ ಶುರುವಾಗುವಾಗ ಬ್ಯಾಗ್ ಒತ್ತಿ ನೋಡಬೇಕು. ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಇದೇ ಮಾತು.

ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇದ್ದು, ಅತ್ತ ತಾಯಿಗೆ ರಕ್ತಸ್ರಾವ, ಇತ್ತ ಮಗುವಿಗೆ ಉಸಿರಿಲ್ಲ ಎಂದಾದರೆ ಅವರು ಯಾರನ್ನು ನೋಡಬೇಕು? ಪ್ರತಿ ಹೆರಿಗೆಯಲ್ಲೂ ಮಗುವನ್ನು ನೋಡಿಕೊಳ್ಳಲೆಂದೇ ಒಬ್ಬರು ಇರಬೇಕು. ಅನಾಹುತವಾದ ಮೇಲೆ ಆ ನರ್ಸ್ ಮೇಲೆ ಕೈ ಮಾಡುವುದು ನ್ಯಾಯವಲ್ಲ. ಇನ್ನೊಬ್ಬರನ್ನು ಕೊಡಿ ಎಂದು ಮೊದಲೇ ಹಟ ಹಿಡಿಯಬೇಕಾದವರು ನಾವು.

ಎಂಟನೇ ತಿಂಗಳ ತಪಾಸಣೆಗೆ ಹೋದಾಗ ತಾಯಿ ಕಾರ್ಡ್ ಜೊತೆ ಈ ಮೂರು ಪ್ರಶ್ನೆಗಳನ್ನೂ ಒಯ್ಯಿರಿ:

1. ಹೆರಿಗೆ ಕೋಣೆಯಲ್ಲಿ ಮಕ್ಕಳ ಅಳತೆಯ ಆಂಬು ಬ್ಯಾಗ್, ಮಾಸ್ಕ್ ಕೈಗೆ ಸಿಗುವಂತೆ ಇವೆಯೇ?
2. ರಾತ್ರಿ ಪಾಳಿಯಲ್ಲೂ ಅದನ್ನು ಬಳಸಲು ಬಲ್ಲವರು ಇರುತ್ತಾರೆಯೇ?
3. ಕರೆಂಟ್ ಹೋದರೆ ವಾರ್ಮರ್ ನಡೆಯಲು ವ್ಯವಸ್ಥೆ ಇದೆಯೇ?

ಕೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಮನೆಯವರ ಹೊಣೆಯೂ ಇದೆ. ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಹೋದರೆ, ಆ ನೀರು ಹಸಿರಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ನೋವು ಬೇಗ ಬರಲೆಂದು ಮನೆಯಲ್ಲೇ ಇಂಜೆಕ್ಷನ್ ಹಾಕಿಸಬೇಡಿ.

ಗ್ರಾಮಸಭೆಯಲ್ಲಿ ನಾವು ರಸ್ತೆ, ಚರಂಡಿ, ಬೀದಿ ದೀಪ ಕೇಳುತ್ತೇವೆ. ಮುಂದಿನ ಸಭೆಯಲ್ಲಿ ಹೆರಿಗೆ ಕೋಣೆಯ ವಿಷಯವನ್ನೂ ಎತ್ತಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಊರಿನವರು ಯಾರಿದ್ದಾರೆ ಎಂದು ವಿಚಾರಿಸಿ, ಮೇಲಿನ ಮೂರು ಪ್ರಶ್ನೆಗಳಿಗೆ ಅವರಿಂದ ಬರಹದಲ್ಲಿ ಉತ್ತರ ಕೇಳಿ.